ಬುದ್ಧಿಯ ಮೇಲೆ ಪಾಪದ ಪರಿಣಾಮ

ಪಾಪವು ಮನುಷ್ಯನ ನಡತೆಯನ್ನಷ್ಟೇ ಅಲ್ಲ, ಅವನ ವಿವೇಚನೆಯನ್ನೂ ಕೆಡಿಸುತ್ತದೆ ಎಂಬುದು ಕ್ರೈಸ್ತ ದೈವಶಾಸ್ತ್ರದ ನಿಲುವು. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ ಇದರ ಮುಖ್ಯ ಆಧಾರ: ಜನ ಸತ್ಯವನ್ನು ಅರಿತೂ ಅದುಮಿಡುತ್ತಾರೆ ಎಂಬುದು ಪೌಲನ ವಾದ. ತಾನು ಪ್ರೀತಿಸುವುದೇ ಸತ್ಯವಾಗಿರಲಿ ಎಂದು ಮನಸ್ಸು ಹಂಬಲಿಸುತ್ತದೆ ಎಂದು ಆಗಸ್ಟೀನ್ (354–430) ಗುರುತಿಸಿದ. ಕ್ಯಾಲ್ವಿನ್ (1509–1564) ಕಾನೂನು, ವೈದ್ಯ, ಕಲೆಗಳಲ್ಲಿ ಮನುಷ್ಯನ ಜಾಣ್ಮೆಯನ್ನು ಮನಸಾರೆ ಒಪ್ಪಿದರೂ ದೇವರನ್ನು ಅರಿಯುವಲ್ಲಿ ಅದು ಕುರುಡು ಎಂದ. ಎಮಿಲ್ ಬ್ರುನ್ನರ್ (1889–1966) ಪ್ರಕಾರ ಈ ವಿಕಾರ ಗಣಿತದಲ್ಲಿ ಅತ್ಯಲ್ಪ. ವಿಷಯವು ದೇವರಿಗೂ ಮನುಷ್ಯನಿಗೂ ಇರುವ ಸಂಬಂಧಕ್ಕೆ ಹತ್ತಿರವಾದಷ್ಟೂ ಹೆಚ್ಚು.

ಅವಿಶ್ವಾಸಿಗಳ ಮೇಲೆ ಬೀಸಲು ಈ ತತ್ತ್ವವನ್ನು ಎತ್ತಿಕೊಳ್ಳುವವರಿದ್ದಾರೆ. ಅದು ಸಲ್ಲದು; ವಿಶ್ವಾಸಿಯೂ ಇದರಿಂದ ಹೊರತಲ್ಲ. ಇಂಗ್ಲೆಂಡಿನ ಜಾನ್ ನ್ಯೂಟನ್ (1725–1807) 1748ರ ಕಡಲ ಬಿರುಗಾಳಿಯಲ್ಲಿ ದೇವರತ್ತ ತಿರುಗಿದ. ಆಮೇಲೂ ಗುಲಾಮರ ಹಡಗುಗಳ ಕಪ್ತಾನನಾದ. ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಅದೇ ಹಡಗಿನ ಒಡಲಲ್ಲಿ ಆಫ್ರಿಕನ್ನರು ಸರಪಳಿಯಲ್ಲಿದ್ದರು. ಅವನ ಬೈಬಲ್ ಓದು ಕಪಟವಾಗಿರಲಿಲ್ಲ. ಆದರೆ ಸುತ್ತಲಿನ ಸಮಾಜ ಮರ್ಯಾದೆಯ ಕಸುಬೆಂದು ಎಣಿಸಿದ್ದ, ತನಗೆ ಅನ್ನ ಕೊಡುತ್ತಿದ್ದ ವ್ಯಾಪಾರದ ಕ್ರೌರ್ಯ ಅವನ ಕಣ್ಣಿಗೆ ಬೀಳಲಿಲ್ಲ. 1754ರಲ್ಲಿ ಕಡಲು ಬಿಡಿಸಿದ್ದೂ ಕಾಯಿಲೆಯೇ. ಗುಲಾಮ ವ್ಯಾಪಾರವನ್ನು ಖಂಡಿಸುವ ಕಿರುಹೊತ್ತಗೆಯನ್ನು ಅವನು ಪ್ರಕಟಿಸಿದ್ದು 1788ರಲ್ಲಿ, ಪಾದ್ರಿಯಾಗಿ ಎರಡು ದಶಕ ಕಳೆದ ಮೇಲೆ.

ಇತ್ತೀಚೆಗೆ ಅಮೆರಿಕದ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ 2000ರ ಗ್ರಂಥವೊಂದರಲ್ಲಿ ಈ ಚರ್ಚೆಯನ್ನು ಜ್ಞಾನಮೀಮಾಂಸೆಯ ಪರಿಭಾಷೆಯಲ್ಲಿ ಮುಂದುವರಿಸಿದ್ದಾರೆ.