ಅಜ್ಜಿಯ ಮಡಕೆ, ತಮ್ಮನ ಬಕೆಟ್ಟು

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಅರ್ಧ ಓದಿ "ಇವನು ಕುಡಿತದ ಪರ" ಅಂತ ಕಾಮೆಂಟ್ ಹಾಕಬೇಡಿ.

ನಮ್ಮ ಚಿಕ್ಕಪ್ಪನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅರಸೀಕೆರೆಯ ಹಾಸ್ಟೆಲ್ಲಿನಲ್ಲಿ ಓದಿ, ಇಂಜಿನಿಯರಿಂಗ್ ಮಾಡಿ, ಲೀಡ್ಸ್ ಅನ್ನೋ ಊರಿಗೆ ಹೋಗಿ ಆರು ವರ್ಷ ಆಯ್ತು. ಹೋದ ಭಾನುವಾರ ವಿಡಿಯೋ ಕಾಲ್ ಮಾಡಿ, "ಅಣ್ಣಾ, ಇದು ನೋಡು" ಅಂತ ಅಡುಗೆಮನೆ ತೋರಿಸಿದ. ಮೂಲೆಯಲ್ಲಿ 25 ಲೀಟರಿನ ಪ್ಲಾಸ್ಟಿಕ್ ಬಕೆಟ್ಟು. ಮುಚ್ಚಳದಲ್ಲಿ ಒಂದು ಕೊಳವೆ, ಅದರಿಂದ ಗುಳುಗುಳು ಅಂತ ಗಾಳಿ ಬರ್ತಿದೆ. "ಏನೋ ಇದು?" ಅಂದೆ. "ಬಿಯರ್. ನಾನೇ ಮಾಡಿದ್ದು. ಅಮ್ಮ ಕಳಿಸಿದ ಮೊಳಕೆ ರಾಗಿ ಹಿಟ್ಟೂ ಹಾಕಿದೀನಿ" ಅಂದ.

ನಾನು ತಕ್ಷಣ ಕೇಳಿದ್ದು ಒಂದೇ ಮಾತು. "ಪೊಲೀಸ್ನೋರು ಬರಲ್ವೇನೋ?"

ಅವನು ನಕ್ಕುಬಿಟ್ಟ. ನಂಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದನ್ನ ಹೇಳೋಕೇ ಈ ಪೋಸ್ಟು.

ಮೊದಲು ಆ ಬಕೆಟ್ಟಿನ ವಿಷಯ. ಅವನು ವಿವರಿಸಿದ ಮೇಲೆ ಗೊತ್ತಾಯ್ತು, ಅದರಲ್ಲಿ ಮಾಯಮಂತ್ರ ಏನಿಲ್ಲ. ಧಾನ್ಯ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಬೇಕು. ಮೊಳಕೆ ಒಡೆದಾಗ ಧಾನ್ಯದೊಳಗೆ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟುತ್ತದೆ. ಅದನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಸಿಹಿ ಗಂಜಿ. ಸೋಸಿ, ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಈಸ್ಟ್ ಬೆರೆಸಿ ಮುಚ್ಚಿಟ್ಟರೆ ಎರಡು ವಾರಕ್ಕೆ ಬಿಯರ್. ಅಂದ್ರೆ ನಮ್ಮ ಹೆಂಗಸರು ಹಾಲುಗೂಸಿನ ರಾಗಿ ಸರಿಗೆ ಏನು ಮಾಡ್ತಾರೋ, ಬಿಯರ್ ಕಂಪನಿಯವರ ಮೊದಲ ಕೆಲಸವೂ ಅದೇ. ಬಟ್ಟೆಯಲ್ಲಿ ರಾಗಿ ಕಟ್ಟಿ ಮೊಳಕೆ ಬರಿಸೋ ವಿದ್ಯೆ ನಮ್ಮ ಕೇರಿಯ ಪ್ರತಿ ಅಜ್ಜಿಗೂ ಗೊತ್ತಿತ್ತು.

ಈಗ ನಮ್ಮ ಅಜ್ಜಿ ಕತೆ.

ನಮ್ಮೂರು ಅರಸೀಕೆರೆಯಿಂದ ಹಳೇಬೀಡಿಗೆ ಹೋಗೋ ಕಡೆ. ಕೆರೆ ಹಿಂದೆ ಈಚಲು ಮರಗಳಿದ್ವು. ತಾತ ಕೂಲಿ ಕೆಲಸದ ಜೊತೆಗೆ ಎರಡು ಮರ ಕೆತ್ತಿ ಮಡಕೆ ಕಟ್ಟುತ್ತಿದ್ದ. ಈಚಲು ಹೆಂಡಕ್ಕೆ ಯಾರೂ ಈಸ್ಟ್ ಹಾಕಬೇಕಿಲ್ಲ, ಗಾಳಿಯಲ್ಲಿ, ಮಡಕೆಯಲ್ಲಿ ಇರುವುದೇ ಸಾಕು. ರಾತ್ರಿ ಇಳಿದ ಸಿಹಿ ನೀರು ಬಿಸಿಲು ಏರುವ ಹೊತ್ತಿಗೆ ಹೆಂಡ. ಮಾರನೇ ದಿನಕ್ಕೆ ಹುಳಿ ಆಗಿ ಕುಡಿಯೋಕೆ ಬರಲ್ಲ. ಮಾರಿಹಬ್ಬಕ್ಕೆ, ಸಾವಿಗೆ, ಕುಯ್ಲು ಮುಗಿದ ದಿನಕ್ಕೆ ಅದು ಬೇಕಿತ್ತು. ಮೇಲುಕೇರಿಯ ಮನೆಗೂ ಹಿತ್ತಿಲ ಕಡೆಯಿಂದ ಒಂದು ಚೊಂಬು ಹೋಗ್ತಿತ್ತು.

ನಾನು ಹುಟ್ಟೋಕೆ ಮುಂಚೆ ಒಂದು ಬೆಳಿಗ್ಗೆ ಜೀಪು ಬಂತಂತೆ. ತಾತ ಹೊಲಕ್ಕೆ ಹೋಗಿದ್ದ. ಮಡಕೆ ಇದ್ದದ್ದು ಅಜ್ಜಿ ಪಕ್ಕ. ಮಡಕೆ ಒಡೆದು, ಅಜ್ಜಿಯನ್ನ ಜೀಪಿಗೆ ಹತ್ತಿಸಿಕೊಂಡು ಹೋದ್ರು. ಮೂರು ದಿನ ಆದ ಮೇಲೆ ಬಿಟ್ಟರು. ದಂಡ ಕಟ್ಟೋಕೆ ಮನೆಯಲ್ಲಿದ್ದ ಒಂದೇ ಎಮ್ಮೆ ಮಾರಿದ್ರು. ಚೊಂಬು ತರಿಸಿಕೊಳ್ಳುತ್ತಿದ್ದ ಮನೆಯವರ ಹೆಸರು ಎಲ್ಲೂ ಬರಲಿಲ್ಲ. ಅಜ್ಜಿ ಸಾಯೋವರೆಗೂ ಈ ಮಾತು ಬಂದ್ರೆ ಸೆರಗು ಮುಖಕ್ಕೆ ಎಳಕೊಳ್ಳೋಳು. ದಂಡಕ್ಕಿಂತ ಆ ನಾಚಿಕೆ ದೊಡ್ಡದು ಬಂಧುಗಳೇ.

ಈ ನಾಚಿಕೆ ಎಲ್ಲಿಂದ ಬಂತು? ಸ್ವಲ್ಪ ಇತಿಹಾಸ ನೋಡೋಣ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಬೇಲೂರು, ಹಳೇಬೀಡು 2023ರ ಸೆಪ್ಟೆಂಬರಿನಲ್ಲಿ ವಿಶ್ವಪರಂಪರೆ ಪಟ್ಟಿಗೆ ಸೇರಿದಾಗ ನಾವೂ ಖುಷಿಪಟ್ಟೆವು. ಆದರೆ ಅದೇ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಹೆಂಡದ ಮಾರಯ್ಯ ಅನ್ನೋ ಶರಣ ಇದ್ದ. ಹೆಂಡ ಮಾರುವುದೇ ಅವನ ಕಾಯಕ. ಧರ್ಮೇಶ್ವರಲಿಂಗ ಅನ್ನೋ ಅಂಕಿತದಲ್ಲಿ ವಚನ ಬರೆದಿದ್ದಾನೆ. ಹೆಂಡ ಮಾರುವವನೂ ಶರಣನಾಗಬಹುದು, ಅನುಭವದ ಮಾತು ಆಡಬಹುದು ಅಂತ ಒಪ್ಪಿದ ಕಾಲ ಒಂದು ಈ ನೆಲದಲ್ಲೇ ಇತ್ತು. ಕಲ್ಲಿನ ಪರಂಪರೆಗೆ ಪಟ್ಟಿ ಸಿಕ್ಕಿತು, ಮಾರಯ್ಯನ ಪರಂಪರೆಗೆ ಜೀಪು ಸಿಕ್ಕಿತು.

ಟಿಪ್ಪು ಮದ್ಯ ನಿಲ್ಲಿಸೋಕೆ ಹೊರಟವನು, ಹೆಂಡದ ಮರ ಕಡಿಸಿದವನು. ಸರಿಯೋ ತಪ್ಪೋ, ಖಜಾನೆಗೆ ಬರೋ ದುಡ್ಡು ಬಿಟ್ಟು ಮಾಡಿದ ಕೆಲಸ ಅದು. ಬ್ರಿಟಿಷರ ಕಾಲದಲ್ಲಿ ಲೆಕ್ಕ ಉಲ್ಟಾ ಆಯ್ತು. ಕುಡಿತ ನಿಲ್ಲಿಸೋದು ಅವರಿಗೆ ಬೇಕಿರಲಿಲ್ಲ. ಅದರಿಂದ ಆದಾಯ ಬರಬೇಕಿತ್ತು. ಮರಕ್ಕೆ ಕಂದಾಯ, ಅಂಗಡಿಗೆ ಹರಾಜು, ಸಾರಾಯಿಗೆ ಗುತ್ತಿಗೆ. ಗುತ್ತಿಗೆದಾರ ದುಡ್ಡು ಕಟ್ಟಿ ಹಕ್ಕು ಕೊಂಡ ಮೇಲೆ ಮನೆಯಲ್ಲಿ ಮಡಕೆ ಇಟ್ಟವನು ಕಳ್ಳನಾದ. "ಕಳ್ಳಭಟ್ಟಿ" ಅನ್ನೋ ಪದದಲ್ಲಿ ಕಳ್ಳತನ ಯಾರದ್ದು ಯೋಚನೆ ಮಾಡಿ. ಬೆಲ್ಲ ನಮ್ಮದು, ಜಾಲಿ ಚಕ್ಕೆ ನಮ್ಮದು, ಸೌದೆ ನಮ್ಮದು. ಕದ್ದದ್ದು ಸರ್ಕಾರದ ಸುಂಕವನ್ನು ಮಾತ್ರ.

ಅದೇ ಹೊತ್ತಿಗೆ ಬೆಂಗಳೂರಿನ ದಂಡಿನ ಸೋಲ್ಜರುಗಳಿಗೆ ಬಿಯರ್ ಬೇಕಿತ್ತು. 1915ರಲ್ಲಿ ಥಾಮಸ್ ಲೀಶ್ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಸಣ್ಣ ಬಿಯರ್ ಕಾರ್ಖಾನೆಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಅದಕ್ಕೆ ಮೊದಲ ಭಾರತೀಯ ನಿರ್ದೇಶಕನಾಗಿ ಬಂದವರು ವಿಠ್ಠಲ್ ಮಲ್ಯ. ಬಿಯರ್ ಮಾಡೋದು ಉದ್ಯಮ ಆಯ್ತು, ಗೌರವ ಆಯ್ತು. ಆಮೇಲೆ 1965ರ ಅಬಕಾರಿ ಕಾಯ್ದೆ ಬಂತು. ಅದರ 13ನೇ ಕಲಂ ಓದಿ. ಲೈಸೆನ್ಸ್ ಇಲ್ಲದೆ ಮಾದಕ ಪಾನೀಯ ತಯಾರಿಸಬಾರದು, ಹೆಂಡದ ಮರ ಕೆತ್ತಬಾರದು, ತಯಾರಿಕೆಗೆ ಬೇಕಾದ ಪಾತ್ರೆ ಸಾಮಾನು ಇಟ್ಟುಕೊಳ್ಳಲೂಬಾರದು. ನಾನು ಗುಮಾಸ್ತ, ದಿನಾ ಕಲಂ ಓದೋನು. ಅಕ್ಷರದಲ್ಲಿ ಎಲ್ಲರಿಗೂ ಒಂದೇ ಕಾನೂನು. ಆದರೆ ಲೈಸೆನ್ಸ್ ತಗೊಳ್ಳೋ ದುಡ್ಡು ಯಾರ ಹತ್ತಿರ ಇತ್ತು, ಮಡಕೆ ಯಾರ ಮನೆಯಲ್ಲಿ ಇತ್ತು?

ಈಗ ತಮಾಷೆ ನೋಡಿ. ಈ ಕಾನೂನು ಕಲಿಸಿದ ದೇಶವೇ ತನ್ನ ಜನರಿಗೂ ಹಿಂದೆ ಹಾಗೇ ಮಾಡಿತ್ತು. ಇಂಗ್ಲೆಂಡಿನಲ್ಲಿ 1880ರಿಂದ ಮನೆಯಲ್ಲಿ ಬಿಯರ್ ಮಾಡೋಕೆ ಲೈಸೆನ್ಸ್ ಬೇಕಿತ್ತು. 1963ರಲ್ಲಿ ಅದನ್ನು ತೆಗೆದುಹಾಕಿದರು. ಮನೆ ಖರ್ಚಿಗೆ ಮಾಡ್ಕೊ, ಮಾರಬೇಡ, ಭಟ್ಟಿ ಇಳಿಸಬೇಡ, ಅಷ್ಟೇ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಅದು ಹೋದ ಮೇಲೂ ಮನೆ ಬಿಯರಿಗೆ ಅನುಮತಿ ಸಿಗಲಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಅದು ಕಾನೂನುಬದ್ಧ ಆಯ್ತು. ಅಲ್ಲಿ ಬಿಳಿಯರ ಅಡುಗೆಮನೆಗೆ 1963ರಲ್ಲಿ ಸ್ವಾತಂತ್ರ್ಯ ಬಂತು. ಇಲ್ಲಿ ಎರಡು ವರ್ಷ ಬಿಟ್ಟು ನಮ್ಮ ಅಜ್ಜಿಯ ಮಡಕೆಗೆ ಕಲಂ ಬಂತು. ತಮ್ಮ ಇವತ್ತು ಲೀಡ್ಸಿನಲ್ಲಿ ನೆಮ್ಮದಿಯಾಗಿ ಬಕೆಟ್ ಇಟ್ಟಿದ್ದಾನೆ. ಅದೇ ಬಕೆಟ್ಟನ್ನು ರಜಕ್ಕೆ ಬಂದಾಗ ನಮ್ಮ ಕೇರಿಯಲ್ಲಿ ಇಟ್ಟರೆ ಅಪರಾಧಿ.

ಇಷ್ಟು ಹೇಳಿದ್ದಕ್ಕೆ ಹೆಂಡ ಒಳ್ಳೇದು ಅಂತ ಅರ್ಥ ಅಲ್ಲ. ನಮ್ಮಪ್ಪ ಸತ್ತದ್ದು ಸಾರಾಯಿಯಿಂದ. 1998. ನಂಗೆ ಆಗ ಬಿ.ಎ. ಮೊದಲ ವರ್ಷ. ಅಪ್ಪನ ಅಂಗಿ ಜೇಬಿನಲ್ಲಿ ಸಿಕ್ಕಿದ್ದು ಎರಡು ಖಾಲಿ ಸಾರಾಯಿ ಪಾಕೀಟು, ಒಂದು ಬೀಡಿ ಕಟ್ಟು. ಅದು ಕಳ್ಳಭಟ್ಟಿ ಅಲ್ಲ ಬಂಧುಗಳೇ, ಸರ್ಕಾರಿ ಹರಾಜಿನ ಅಂಗಡಿಯ ಸಾರಾಯಿ. ತಾತನ ಮಡಕೆ ಒಡೆದ ಮೇಲೆ ಅಪ್ಪನ ಕೈಗೆ ಪಾಕೀಟು ಬಂತು. ಮಡಕೆಯ ಹೆಂಡ ದಿನ ಕಳೆದರೆ ಹುಳಿ ಆಗ್ತಿತ್ತು, ಹಬ್ಬ ಮುಗಿದರೆ ಮುಗೀತು. ಪಾಕೀಟು ಕೆಡಲ್ಲ, ವರ್ಷ ಪೂರ್ತಿ ಸಿಗುತ್ತೆ, ಸಾಲಕ್ಕೂ ಸಿಗುತ್ತೆ. ಅದಕ್ಕೇ ನಮ್ಮ ಚಳವಳಿ ಹೆಂಡ ಸಾರಾಯಿ ಬೇಡ, ಭೂಮಿ ಕೊಡಿ, ಶಾಲೆ ಕೊಡಿ ಅಂತ ಬೀದಿಗಿಳಿದದ್ದು. ಆ ಹೋರಾಟ ಸರಿ ಇತ್ತು, ಈಗಲೂ ಸರಿ.

ಬಾಬಾಸಾಹೇಬರನ್ನ ನೋಡಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಒಂದು. ಆದರೆ ಅದೇ ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಒಕ್ಕೂಟ 1951ರ ಚುನಾವಣಾ ಪ್ರಣಾಳಿಕೆಯಲ್ಲಿ ಪಾನನಿಷೇಧ ಕೈಬಿಡಿ, ಆ ಆದಾಯ ಉಳಿಸಿಕೊಳ್ಳಿ ಅಂತ ಹೇಳಿತ್ತು. ಇದರಲ್ಲಿ ವಿರೋಧ ಏನೂ ಇಲ್ಲ. ಕುಡಿಯಲ್ಲ ಅನ್ನೋದು ನನ್ನ ಘನತೆಗೆ ನಾನೇ ತಗೊಳ್ಳೋ ಪ್ರತಿಜ್ಞೆ. ಬಡವನ ಮನೆಗೆ ಜೀಪು ಕಳಿಸೋದು ಬೇರೆ ವಿಷಯ. ಇವೆರಡನ್ನೂ ಬೆರೆಸಿ ನೋಡಿದ್ದರಿಂದಲೇ ನಮ್ಮ ಅಜ್ಜಿಯಂಥವರು ತಲೆ ತಗ್ಗಿಸಿದರು.

ಆಮೇಲಿಂದು ನಿಮಗೆ ಗೊತ್ತು. ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕಡೆ 2004ರಲ್ಲಿ ಹೆಂಡ ನಿಲ್ಲಿಸಿದರು. ಮರ ಹತ್ತುತ್ತಿದ್ದವರ ಕೈಯಿಂದ ಕಸುಬು ಹೋಯ್ತು. 2007ರ ಜುಲೈ 1ರಿಂದ ಸಾರಾಯಿ ನಿಷೇಧ. ಹೆಂಗಸರು ಖುಷಿಪಟ್ಟರು, ನಮ್ಮವ್ವನೂ. ಆದರೆ ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ, ಪಕ್ಕದ ತಮಿಳುನಾಡಿನಲ್ಲಿ ವಿಷದ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕೂಲಿ ಜನ. ಉಳಿದವರು ಸಾರಾಯಿ ಬಿಟ್ಟು ಅದಕ್ಕಿಂತ ದುಬಾರಿ ವಿಸ್ಕಿ ಪಾಕೀಟಿಗೆ ಹೋದರು. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ದಾಟಿದೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಹೋಗಿ ಅನ್ನುತ್ತೆ, ಬಜೆಟ್ಟು ಇನ್ನೊಂದು ಕಡೆ ಎಳೆಯುತ್ತೆ.

ತೆಂಗಿನ ರೈತರಿಗೂ ಈ ಕಾನೂನಿನ ಬಿಸಿ ತಟ್ಟಿತ್ತು. ನುಸಿ ಪೀಡೆಯಿಂದ ಕಾಯಿ ಹೋದಾಗ ನೀರಾ ಇಳಿಸ್ತೀವಿ ಅಂದವರ ಮೇಲೆ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯ್ತು. ಆದರೆ ಅವರಿಗೆ ಜಮೀನಿತ್ತು, ಸಂಘ ಇತ್ತು. ಮುಂದೆ ನೀರಾಕ್ಕೆ ಲೈಸೆನ್ಸಿನ ದಾರಿ ತೆರೆಯಿತು. ಬೆಂಗಳೂರಿನಲ್ಲಿ 2010ರಿಂದೀಚೆಗೆ ಮೈಕ್ರೋಬ್ರೂವರಿಗಳು ಬಂದವು. ಗಾಜಿನ ಗೋಡೆ ಹಿಂದೆ ತಾಮ್ರದ ಹಂಡೆ ತೋರಿಸಿ, ನೂರಾರು ರೂಪಾಯಿಗೆ ಒಂದು ಲೋಟ ಮಾರ್ತಾರೆ. ಕೆಲವು ಕಡೆ ರಾಗಿ ಬಿಯರೂ ಇದೆಯಂತೆ. ಅದಕ್ಕೆ ಕುಶಲತೆ ಅಂತ ಹೆಸರು. ಈಚಲು ಮರ ಕೆತ್ತಿದ ನಮ್ಮ ತಾತನ ಕುಶಲತೆಗೆ ಕ್ರಿಮಿನಲ್ ಕೇಸು ಅಂತ ಹೆಸರು.

ತಮ್ಮ ಕೇಳಿದ, "ಊರಿಗೆ ಬಂದಾಗ ಒಂದು ಬಾಟ್ಲಿ ತರ್ಲಾ ಅಣ್ಣಾ?" ಬೇಡ ಅಂದೆ. ನಾನು ಪ್ರತಿಜ್ಞೆ ತಗೊಂಡೋನು, ಅಪ್ಪನನ್ನ ಕಂಡೋನು. "ಆದ್ರೆ ಬಾಟ್ಲಿಗೆ ಚೀಟಿ ಅಂಟಿಸ್ತೀಯಲ್ಲ, ಅದಕ್ಕೆ ಅಜ್ಜಿ ಹೆಸರು ಇಡು" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ ಅವನು. ಆಮೇಲೆ, "ಅಜ್ಜಿ ಜೈಲಿಗೆ ಹೋಗಿದ್ದು ನಿಜಾನಾ? ನಂಗ್ಯಾರೂ ಹೇಳೇ ಇಲ್ಲ" ಅಂದ.

ಅದಕ್ಕೇ ಬರೆದೆ. ನಿಮ್ಮ ಮನೆಗಳಲ್ಲೂ ಇಂಥ ಕತೆ ಇರುತ್ತೆ. ಬೇಲೂರು ಕಡೆ ಕಾಫಿ ತೋಟದ ಲೈನುಗಳಲ್ಲಿ, ಅರಸೀಕೆರೆ ಹಟ್ಟಿಗಳಲ್ಲಿ ಎಂಬತ್ತು ದಾಟಿದ ಅಜ್ಜಿಯರು ಇನ್ನೂ ಇದ್ದಾರೆ. ಅವರ ಪಕ್ಕ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾವಾಗ ಜೀಪು ಬಂತು, ಎಷ್ಟು ದಂಡ, ಏನು ಮಾರಿದರು, ಬರೆದಿಡಿ. ಶಾಸನ ಕೆತ್ತಿಸೋಕೆ ನಮ್ಮ ಹತ್ರ ಕಲ್ಲಿರಲಿಲ್ಲ, ಅವರ ನೆನಪೇ ನಮ್ಮ ಶಾಸನ. ಕುಡಿಯೋದು ಬೇಡ. ಆದರೆ ನಾಚಿಕೆನೂ ಬೇಡ. ಆ ನಾಚಿಕೆ ನಮ್ಮದಲ್ಲ.

ಜೈಭೀಮ್.