ಬಾಗಿಲು ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಮುಚ್ಚಿದ ಕಥೆ



ಮುನಿರಾಬಾದಿನಲ್ಲಿ ಓದಿದ ನಿಮಗೆ ತುಂಗಭದ್ರಾ ಅಣೆಕಟ್ಟೆಯನ್ನು ನಾನು ಪರಿಚಯಿಸಬೇಕಾಗಿಲ್ಲ. ಮಳೆಗಾಲದಲ್ಲಿ 33 ಗೇಟುಗಳ ಪೈಕಿ ಎಷ್ಟು ತೆರೆದಿವೆ ಎಂಬ ಸುದ್ದಿ ನನ್ನ ಪಾಠಕ್ಕಿಂತ ಮೊದಲೇ ತರಗತಿಗೆ ಬಂದಿರುತ್ತಿತ್ತು. ಆದರೆ ಗೇಟು ಮಾಡುವವರು ಯಾರು ಎಂದು ಕೇಳಿದರೆ, ಆ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು ಮಾತ್ರ ಕೈ ಎತ್ತುತ್ತಿದ್ದರು.

ಹೈದರಾಬಾದ್ ಮತ್ತು ಮದ್ರಾಸ್ ಸರಕಾರಗಳು ಜೊತೆಗೂಡಿ 1945ರ ಫೆಬ್ರುವರಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲಿಟ್ಟವು. ಎಡದಂಡೆ ನಿಜಾಮರದು, ಬಲದಂಡೆ ಮದ್ರಾಸಿನದು. ಗೇಟುಗಳ ತಯಾರಿಕೆಗೆಂದು 1947ರಲ್ಲಿ ಬಲದಂಡೆಯಲ್ಲಿ ಒಂದು ಕಾರ್ಯಾಗಾರ ಹುಟ್ಟಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಕೆಲಸ ಮುಗಿಯಿತೆಂದು ಕಾರ್ಯಾಗಾರವನ್ನು ಕಿತ್ತು ಹಾಕಬಹುದಿತ್ತು. ಹಾಗೆ ಮಾಡದೆ, ಕೈಗೂಡಿದ ಕುಶಲತೆಯನ್ನೇ ಬಂಡವಾಳವೆಂದು ಬಗೆದು 1960ರಲ್ಲಿ ಅದನ್ನು ‘ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಲಿಮಿಟೆಡ್’ ಎಂಬ ಕಂಪನಿಯನ್ನಾಗಿ ಮಾಡಿದರು. ಇದು ದೂರದೃಷ್ಟಿಯ ನಿರ್ಧಾರ. ದೇಶದಲ್ಲಿ ಅಣೆಕಟ್ಟೆಗಳು ಏಳುತ್ತಿದ್ದ ಕಾಲವದು. ನಮ್ಮೂರ ಪಕ್ಕದ ಗೇಟು, ಕ್ರೇನುಗಳು ದೂರದೂರದ ನದಿಗಳಿಗೆ ಹೋದವು.

ಆದರೆ ಒಂದೇ ಬೆಳೆಯನ್ನು ನೆಚ್ಚಿದ ರೈತನ ಪಾಡು ನಿಮಗೆ ಗೊತ್ತು. ದೊಡ್ಡ ಅಣೆಕಟ್ಟೆಗಳ ನಿರ್ಮಾಣ ಕುಗ್ಗಿತು. ಟೆಂಡರಿನಲ್ಲಿ ಖಾಸಗಿಯವರು ಪೈಪೋಟಿಗಿಳಿದರು. ಕಂಪನಿಯ ಹೆಚ್ಚಿನ ಪಾಲು ಕೇಂದ್ರದ್ದು, ಉಳಿದದ್ದು ಕರ್ನಾಟಕ ಮತ್ತು ಆಂಧ್ರದ್ದು. ಯಜಮಾನರು ಮೂವರಿರುವ ಮನೆಯಲ್ಲಿ ಹೊಸ ದಾರಿ ಹಿಡಿಯುವುದು ಸುಲಭವಲ್ಲ. ನಷ್ಟ ಬೆಳೆಯಿತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಕಾರ್ಖಾನೆಯನ್ನು ಮುಚ್ಚಲು ಒಪ್ಪಿಗೆ ನೀಡಿತು.

ಇದೇ ಸೀಮೆಯ ಇನ್ನೊಂದು ಉದಾಹರಣೆ ನೋಡಿ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ 1990ರ ದಶಕದಲ್ಲಿ ಬೀಡುಕಬ್ಬಿಣದಿಂದ ಆರಂಭವಾಯಿತು. ಬೀಡುಕಬ್ಬಿಣದ ಬೆಲೆ ಮಾರುಕಟ್ಟೆಯ ಅಲೆಯಂತೆ ಏರಿಳಿಯುವಂಥದು. ಅವರು ಅದನ್ನೇ ನೆಚ್ಚದೆ, ತಮ್ಮ ಕಬ್ಬಿಣದಿಂದಲೇ ಟ್ರ್ಯಾಕ್ಟರ್, ವಾಹನಗಳ ಎಂಜಿನ್ನಿಗೆ ಬೇಕಾದ ಎರಕದ ಭಾಗಗಳನ್ನೂ ತಯಾರಿಸಿದರು.

ಹಾಗೆಂದು ಮುಚ್ಚಿದವರನ್ನು ಹಳಿಯುವುದು ಸುಲಭ. ನಷ್ಟದ ಕಾರ್ಖಾನೆಗೆ ತೆರಿಗೆಯ ಹಣವನ್ನು ಎಷ್ಟು ವರ್ಷ ಸುರಿಯಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಲೆಕ್ಕಪುಸ್ತಕದಲ್ಲಿ ಬರೆಯಲಾಗದ ಆಸ್ತಿಯೂ ಒಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಇತರ ಗೇಟುಗಳನ್ನೂ ತೆರೆದರು. ಜಲಾಶಯ ತಗ್ಗುವವರೆಗೆ ಕಾಯಬೇಕೆ, ಹರಿಯುವ ನೀರಿನಲ್ಲಿಯೇ ತಡೆ ಇಳಿಸಬೇಕೆ? ಕಾದರೆ ರೈತರ ನೀರು ಹೋಗುತ್ತದೆ. ಇಳಿಸಿದರೆ ಜೀವಕ್ಕೆ ಅಪಾಯ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎರಡನೆಯದನ್ನೇ ಆಯ್ದು, ಆಗಸ್ಟ್ 16 ಮತ್ತು 17ರಂದು ಉಕ್ಕಿನ ಹಲಗೆಗಳನ್ನು ಇಳಿಸಿ ನೀರನ್ನು ತಡೆದರು. ಆ ಹಲಗೆಗಳನ್ನು ಹೊಸಪೇಟೆ ಪರಿಸರದ ಖಾಸಗಿ ಕಾರ್ಖಾನೆಗಳು ಕೆಲವೇ ದಿನಗಳಲ್ಲಿ ಸಿದ್ಧಪಡಿಸಿದ್ದವು.

ಹಳೆಯ ಕಾರ್ಖಾನೆ ಇದ್ದಿದ್ದರೆ ಸರಪಳಿ ತುಂಡಾಗುತ್ತಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಆ ವಾರವೆಲ್ಲ ನನಗೆ ನೆನಪಾದದ್ದು ಅಂದು ಕೈ ಎತ್ತುತ್ತಿದ್ದ ಆ ಮಕ್ಕಳು.

ನಿಮ್ಮಲ್ಲಿ ಅನೇಕರು ಇಂದು ಕಂಪನಿಗಳಲ್ಲಿ ನಿರ್ಧಾರ ಮಾಡುವ ಸ್ಥಾನದಲ್ಲಿದ್ದೀರಿ. ಯಾವುದಾದರೂ ವಿಭಾಗವನ್ನು ಮುಚ್ಚುವ ಕಾಗದ ನಿಮ್ಮ ಮೇಜಿಗೆ ಬಂದಾಗ, ಸಹಿ ಹಾಕುವ ಮುನ್ನ ಒಂದು ಮಾತು ಕೇಳಿರಿ: ಇಲ್ಲಿನವರ ಕೈಗೆ ಬರುವ ವಿದ್ಯೆ ಬೇರೆ ಯಾರ ಕೈಯಲ್ಲಿದೆ?