ರೇಗನ್ಸ್‌ಬುರ್ಗಿನ ಮರಿಯಾ ದೇವಾಲಯ: ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ವಿವಾದದ ಒಂದು ಅಧ್ಯಾಯ

ರೋಮನ್ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಇರುವ ಭೇದಗಳಲ್ಲಿ ಯೇಸುವಿನ ತಾಯಿಯಾದ ಮರಿಯಳ ಭಕ್ತಿಯು ಸಾಮಾನ್ಯರ ಕಣ್ಣಿಗೆ ಮೊದಲು ಬೀಳುವಂಥದು. ಒಬ್ಬರ ಚರ್ಚಿನಲ್ಲಿ ಆಕೆಯ ವಿಗ್ರಹವಿರುತ್ತದೆ, ಜಪಮಾಲೆಯ ಪ್ರಾರ್ಥನೆ ನಡೆಯುತ್ತದೆ. ಇನ್ನೊಬ್ಬರಲ್ಲಿ ಸಾಮಾನ್ಯವಾಗಿ ಇವೆರಡೂ ಕಾಣಬರುವುದಿಲ್ಲ. ಇದನ್ನು ನೋಡಿ, ಹದಿನಾರನೆಯ ಶತಮಾನದ ಮತಸುಧಾರಕರು ಮರಿಯಳನ್ನೇ ತಿರಸ್ಕರಿಸಿದರೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ವಿವಾದವು ಹುಟ್ಟಿದ್ದು ಮರಿಯಳು ಗೌರವಾರ್ಹಳೇ ಎಂಬ ಪ್ರಶ್ನೆಯಿಂದಲ್ಲ. ಯಾವುದು ಆಕೆಗೆ ಸಲ್ಲತಕ್ಕ ಗೌರವ ಎಂಬ ಪ್ರಶ್ನೆಯಿಂದ. ದಕ್ಷಿಣ ಜರ್ಮನಿಯ ಒಂದು ದೇವಾಲಯದ ಇತಿಹಾಸವನ್ನು ಹಿಡಿದು ಈ ಮಾತನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1

ಡಾನ್ಯೂಬ್ ನದಿಯ ದಡದಲ್ಲಿರುವ ರೇಗನ್ಸ್‌ಬುರ್ಗ್ ಮಧ್ಯಯುಗದಲ್ಲಿ ಸಮೃದ್ಧವಾದ ವ್ಯಾಪಾರನಗರವಾಗಿತ್ತು. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಅದರ ವ್ಯಾಪಾರ ಕುಗ್ಗಿತು. ಊರಿನ ಕಷ್ಟಕ್ಕೆಲ್ಲ ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಯೆಹೂದ್ಯರೇ ಕಾರಣರೆಂಬ ಮಾತು ಹರಡಿತು. ಪ್ರಧಾನ ದೇವಾಲಯದ ಬೋಧಕನಾಗಿದ್ದ ಬಾಲ್ತಸಾರ್ ಹೂಬ್‌ಮಾಯರನು ತನ್ನ ಉಪನ್ಯಾಸಗಳಿಂದ ಈ ದ್ವೇಷವನ್ನು ಬೆಳೆಸಿದನು. ಯೆಹೂದ್ಯರಿಗಿದ್ದ ಆಶ್ರಯವೆಂದರೆ ಚಕ್ರವರ್ತಿಯ ರಕ್ಷಣೆಯೊಂದೇ. 1519ರ ಜನವರಿಯಲ್ಲಿ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ ಮರಣ ಹೊಂದಿದನು. ಫೆಬ್ರವರಿಯಲ್ಲಿ ನಗರಸಭೆಯು ಯೆಹೂದ್ಯರನ್ನು ಊರಿನಿಂದ ಹೊರಗಟ್ಟಿ, ಅವರ ಪ್ರಾರ್ಥನಾಮಂದಿರವನ್ನು ಕೆಡವಿಸಿತು. ನಗರಸಭೆಯ ಸದಸ್ಯನೂ ಚಿತ್ರಕಾರನೂ ಆಗಿದ್ದ ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರನು ಕೆಡವುವ ಮುನ್ನ ಅದರ ಒಳಾಂಗಣವನ್ನು ಚಿತ್ರಿಸಿದನು. ಅವನ ಚಿತ್ರಗಳು ಇಂದಿಗೂ ಉಳಿದಿವೆ.

ಕೆಡವುವ ಕೆಲಸದಲ್ಲಿ ಕಲ್ಲುಕುಟಿಗನೊಬ್ಬನು ಬಿದ್ದು ತೀವ್ರವಾಗಿ ಗಾಯಗೊಂಡನು, ಆದರೂ ಚೇತರಿಸಿಕೊಂಡನು. ಇದು ಮರಿಯಳ ಪವಾಡವೆಂದು ಸಾರಲಾಯಿತು. ಕೆಲವೇ ವಾರಗಳಲ್ಲಿ ಅದೇ ನೆಲದ ಮೇಲೆ ಮರದ ಗುಡಿಯೊಂದು ಎದ್ದಿತು. ಅಲ್ಲಿಯ ಮರಿಯಳಿಗೆ ‘ಶ್ಯೋನೆ ಮರಿಯಾ’, ಎಂದರೆ ಸುಂದರ ಮರಿಯಾ, ಎಂದು ಹೆಸರಾಯಿತು. ಜನರು ಕೆಲಸ ಬಿಟ್ಟು ತಂಡೋಪತಂಡವಾಗಿ ಬಂದರು. 1520ರಲ್ಲಿ ಮಾರಾಟವಾದ ಯಾತ್ರಾಮುದ್ರಿಕೆಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಮೀಖಾಯೆಲ್ ಓಸ್ಟೆಂಡಾರ್ಫರನು ಕೊರೆದ ಮರದಚ್ಚಿನ ಚಿತ್ರದಲ್ಲಿ, ಗುಡಿಯ ಮುಂದಣ ಕಂಬದ ಮೇಲಿರುವ ಮರಿಯಳ ಪ್ರತಿಮೆಯ ಬುಡದಲ್ಲಿ ಭಕ್ತರು ಮೈಮರೆತು ಹೊರಳುತ್ತಿರುವುದನ್ನೂ, ಹಿಂದೆ ಕೆಡವಿದ ಮನೆಗಳ ಗೋಡೆಗಳನ್ನೂ ಕಾಣಬಹುದು.

2

ಈ ಯಾತ್ರೆಯನ್ನು ಆಕ್ಷೇಪಿಸಿದವರ ವಾದವೇನು? ಮಾರ್ಟಿನ್ ಲೂಥರನು 1520ರಲ್ಲಿ ಜರ್ಮನ್ ಶ್ರೀಮಂತವರ್ಗಕ್ಕೆ ಬರೆದ ಮನವಿಯಲ್ಲಿ, ನೆಲಸಮ ಮಾಡಬೇಕಾದ ಯಾತ್ರಾಸ್ಥಳಗಳ ಸಾಲಿನಲ್ಲಿ ರೇಗನ್ಸ್‌ಬುರ್ಗನ್ನೂ ಹೆಸರಿಸಿದನು. ಅದೇ ಲೂಥರನು ಮರುವರ್ಷ ಮರಿಯಳ ಸ್ತೋತ್ರಕ್ಕೆ ಆದರಪೂರ್ವಕವಾದ ವ್ಯಾಖ್ಯಾನವನ್ನು ಪ್ರಕಟಿಸಿದನು. ದೇವರು ಮೆಚ್ಚಿದ್ದು ಮರಿಯಳ ಪುಣ್ಯವನ್ನಲ್ಲ; ಲೋಕವು ಲೆಕ್ಕಕ್ಕೆ ತಾರದ ಒಬ್ಬ ಬಡಹುಡುಗಿಯ ಕಡೆಗೆ ಆತನು ಕೃಪಾದೃಷ್ಟಿ ಬೀರಿದನು ಎಂಬುದು ಆ ವ್ಯಾಖ್ಯಾನದ ಸಾರ. ಹೀಗೆ ನೋಡಿದರೆ ಆಕೆಯನ್ನು ಹೊಗಳುವುದೆಂದರೆ ಆಕೆಗೆ ಕೃಪೆ ತೋರಿದವನನ್ನು ಹೊಗಳುವುದೇ ಆಗುತ್ತದೆ.

ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನ ಸಾಕ್ಷ್ಯವು ಇದಕ್ಕಿಂತಲೂ ಸ್ಪಷ್ಟವಾಗಿದೆ. ಓಸ್ಟೆಂಡಾರ್ಫರನ ಚಿತ್ರದ ತನ್ನ ಪ್ರತಿಯ ಮೇಲೆ ಅವನು 1523ರಲ್ಲಿ ಒಂದು ಟಿಪ್ಪಣಿ ಬರೆದನು. ಈ ಭೂತವು ಧರ್ಮಗ್ರಂಥಕ್ಕೆ ವಿರುದ್ಧವಾಗಿ ಎದ್ದಿದೆ, ಲೌಕಿಕ ಲಾಭಕ್ಕಾಗಿ ಅದನ್ನು ಉಳಿಸಿಕೊಂಡಿದ್ದಾರೆ ಎಂದು ಮರುಗಿ, ದೇವರ ಪೂಜ್ಯ ಮಾತೆಗೆ ಹೀಗೆ ಅವಮಾನ ಮಾಡದಿರುವಂತೆ ನಮಗೆ ದೇವರು ಸಹಾಯ ಮಾಡಲಿ ಎಂದು ಬೇಡಿದನು. ಇಲ್ಲಿ ‘ಅವಮಾನ’ ಎಂಬ ಮಾತು ಗಮನಾರ್ಹ. ಡ್ಯೂರರನ ದೃಷ್ಟಿಯಲ್ಲಿ ಮರಿಯಳ ಗೌರವಕ್ಕೆ ಕುಂದು ತಂದವರು ಯಾತ್ರಿಕರೇ.

1530ರ ಆಗ್ಸ್‌ಬುರ್ಗ್ ವಿಶ್ವಾಸಪ್ರಕಟಣೆಯು ಈ ನಿಲುವಿಗೆ ಸಿದ್ಧಾಂತದ ರೂಪ ಕೊಟ್ಟಿತು. ಸಂತರನ್ನು ಆದರ್ಶವಾಗಿ ಸ್ಮರಿಸಬಹುದು. ಆದರೆ ಅವರನ್ನು ಮೊರೆಹೊಗಲು ಧರ್ಮಗ್ರಂಥದಲ್ಲಿ ಆಧಾರವಿಲ್ಲ, ಕ್ರಿಸ್ತನೊಬ್ಬನೇ ಮಧ್ಯಸ್ಥನು ಎಂದು ಅದು ಹೇಳಿತು. ಮರಿಯಳು ಚರ್ಚಿಗಾಗಿ ಪ್ರಾರ್ಥಿಸುತ್ತಾಳೆಂಬುದನ್ನು ಮೆಲಾಂಕ್ಟನನು ಮರುವರ್ಷ ಒಪ್ಪಿದನು. ಆಕೆ ಕ್ರಿಸ್ತನ ಸ್ಥಾನವನ್ನು ಪಡೆಯುವುದನ್ನು ಮಾತ್ರ ಒಪ್ಪಲಿಲ್ಲ.

3

ಕ್ಯಾಥೊಲಿಕರ ಉತ್ತರವನ್ನೂ ನಾವು ಅಷ್ಟೇ ಲಕ್ಷ್ಯವಿಟ್ಟು ಕೇಳಬೇಕು. ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ, ಸಂತರಿಗೆ ಸಲ್ಲುವ ಗೌರವ ಬೇರೆ. ಮರಿಯಳಿಗೆ ಸಲ್ಲುವುದು ಎರಡನೆಯದರಲ್ಲೇ ಶ್ರೇಷ್ಠವಾದುದು ಎಂದು ಅವರ ಪಂಡಿತರು ಬಹುಕಾಲದಿಂದ ವಿಂಗಡಿಸಿದ್ದರು. ನಮಗಾಗಿ ಪ್ರಾರ್ಥಿಸೆಂದು ಬದುಕಿರುವ ಮಿತ್ರನನ್ನು ಕೇಳಬಹುದಾದರೆ, ದೇವರ ಸನ್ನಿಧಿಯಲ್ಲಿರುವ ತಾಯಿಯನ್ನು ಕೇಳುವುದು ಹೇಗೆ ತಪ್ಪಾದೀತು ಎಂಬುದು ಅವರ ಪ್ರಶ್ನೆ. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆಯು ಸಂತರ ಮೊರೆಯನ್ನೂ ಪ್ರತಿಮೆಗಳ ಗೌರವವನ್ನೂ ಎತ್ತಿಹಿಡಿಯಿತು. ಅದರೊಡನೆ ಮೂಢನಂಬಿಕೆಯನ್ನೂ ಹೀನವಾದ ಧನಲಾಭವನ್ನೂ ನಿರ್ಮೂಲ ಮಾಡಬೇಕೆಂದು ವಿಧಿಸಿತು. ಡ್ಯೂರರನ ದೂರಿನ ಒಂದು ಭಾಗವನ್ನು ಎದುರು ಪಕ್ಷವೂ ಮನಗಂಡಂತಾಯಿತು.

ಮುಂದೆ ವಿವಾದದ ಕೇಂದ್ರವೇ ಬದಲಾಯಿತು. 1854ರಲ್ಲಿ ಒಂಬತ್ತನೆಯ ಪಿಯಸ್ ಪೋಪನು ಮರಿಯಳು ಗರ್ಭಸ್ಥಳಾದ ಕ್ಷಣದಿಂದಲೇ ಜನ್ಮಪಾಪವಿಲ್ಲದವಳೆಂದೂ, 1950ರಲ್ಲಿ ಹನ್ನೆರಡನೆಯ ಪಿಯಸನು ಆಕೆ ದೇಹಾತ್ಮಸಹಿತವಾಗಿ ಸ್ವರ್ಗಕ್ಕೆ ಸ್ವೀಕೃತಳಾದಳೆಂದೂ ವಿಧ್ಯುಕ್ತವಾಗಿ ಘೋಷಿಸಿದರು. ಆಚರಣೆಯ ಜೊತೆಗೆ, ಧರ್ಮಗ್ರಂಥದಲ್ಲಿ ಸ್ಪಷ್ಟವಾಗಿ ಹೇಳದುದನ್ನು ವಿಶ್ವಾಸಿಗಳು ನಂಬಲೇಬೇಕೆಂದು ವಿಧಿಸುವ ಅಧಿಕಾರ ಯಾರಿಗಿದೆ ಎಂಬುದೂ ಈಗ ಪ್ರಶ್ನೆಯಾಯಿತು. ಕ್ಯಾಥೊಲಿಕರಲ್ಲಿಯೇ ಏಕಾಭಿಪ್ರಾಯವಿರಲಿಲ್ಲ. ಮರಿಯಳ ವಿಷಯಕ್ಕೆ ಪ್ರತ್ಯೇಕ ಶಾಸನ ಬೇಕೇ, ಚರ್ಚನ್ನು ಕುರಿತ ಶಾಸನದಲ್ಲೇ ಅದನ್ನು ಸೇರಿಸಬೇಕೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ 1963ರ ಅಕ್ಟೋಬರ್ 29ರಂದು ಮತ ತೆಗೆದುಕೊಂಡಾಗ, ಸೇರಿಸುವ ಪಕ್ಷಕ್ಕೆ 1114, ವಿರುದ್ಧವಾಗಿ 1074 ಮತಗಳು ಬಂದವು.

4

ರೇಗನ್ಸ್‌ಬುರ್ಗಿನಲ್ಲಿ ಯಾತ್ರೆಯು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಹೂಬ್‌ಮಾಯರನು ಸುಧಾರಕರನ್ನು ಸೇರಿ, ಅವರನ್ನೂ ಮೀರಿ ಪುನರ್ದೀಕ್ಷಾಸ್ನಾನ ಪಂಥದ ನಾಯಕನಾಗಿ, 1528ರಲ್ಲಿ ವಿಯೆನ್ನಾದಲ್ಲಿ ಜೀವಂತವಾಗಿ ಸುಡಲ್ಪಟ್ಟನು. ಮರದ ಗುಡಿಯ ಬದಲಿಗೆ ಆರಂಭಿಸಿದ ಕಲ್ಲಿನ ದೇವಾಲಯವು 1542ರಲ್ಲಿ ಪ್ರಾಟೆಸ್ಟೆಂಟರದಾಯಿತು. 1990ರ ದಶಕದಲ್ಲಿ ಆ ಚೌಕವನ್ನು ಅಗೆದಾಗ ಯೆಹೂದ್ಯರ ಕೇರಿಯ ನೆಲಮಾಳಿಗೆಗಳು ಬೆಳಕಿಗೆ ಬಂದವು. 2005ರಲ್ಲಿ ಪ್ರಾರ್ಥನಾಮಂದಿರದ ತಳವಿನ್ಯಾಸವನ್ನು ಗುರುತಿಸಿ ಸ್ಮಾರಕ ಮಾಡಲಾಯಿತು.

ಮೇಲಣ ವಿವೇಚನೆಯಿಂದ, ಎರಡು ಪಕ್ಷಗಳೂ ಮರಿಯಳ ಗೌರವವನ್ನೇ ಕಾಪಾಡುತ್ತಿದ್ದೇವೆಂದು ನಂಬಿದ್ದುವು ಎಂಬುದು ವಿಶದವಾಗುತ್ತದೆ. ಆದರೆ ಈ ಇತಿಹಾಸದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಮರಿಯಳು ಸ್ವತಃ ಯೆಹೂದ್ಯ ಸ್ತ್ರೀ. ಯಾತ್ರಿಕರು ಆಕೆಯ ಹೆಸರಿನಲ್ಲಿ ಆಕೆಯ ಜನರ ಮನೆಗಳ ಅವಶೇಷಗಳ ನಡುವೆ ಮೊಣಕಾಲೂರಿದರು. ಯಾತ್ರೆಯನ್ನು ಖಂಡಿಸಿದ ಲೂಥರನೇ 1543ರಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಬರೆದನು. ಗೌರವದ ಸ್ವರೂಪವನ್ನು ಕುರಿತು ಇಷ್ಟು ಸೂಕ್ಷ್ಮವಾಗಿ ವಾದಿಸಿದ ಇವರೆಲ್ಲರೂ ಈ ಒಂದು ಅವಮಾನವನ್ನು ಅವಮಾನವೆಂದು ಎಣಿಸಲಿಲ್ಲ. ಮತೀಯ ವಿವಾದಗಳ ಇತಿಹಾಸವನ್ನು ಬೋಧಿಸುವಾಗ ಉಭಯ ಪಕ್ಷಗಳ ವಾದಗಳೊಂದಿಗೆ ಅವುಗಳ ಮೌನವನ್ನೂ ಪರಿಶೀಲಿಸುವುದು ನಮ್ಮ ಕರ್ತವ್ಯವಾಗಿದೆ.